ನಲವತ್ತು ಮೈಲಿಯ ನಡುಕ

ನಂಜನಗೂಡು, ೯ ಫೆಬ್ರವರಿ ೧೯೨೬, ಮಂಗಳವಾರ

ಇವತ್ತು ನರಸೀಪುರದ ರಸ್ತೆಯಲ್ಲಿ ಮೋಟಾರ್ ಸೈಕಲ್ಲು ನಡುಗಿತು. ಮೊದಲು ರಸ್ತೆಯ ಜಲ್ಲಿ ಎದ್ದಿರಬೇಕೆಂದುಕೊಂಡೆ. ಅದಲ್ಲ. ಮೂವತ್ತೈದು ಮೈಲಿ ವೇಗ ದಾಟಿದ ಕೂಡಲೇ ಹ್ಯಾಂಡಲು ಕೈಯೊಳಗೆ ಎಡಕ್ಕೂ ಬಲಕ್ಕೂ ತೂಗಾಡತೊಡಗಿತು. ಬಿಗಿಯಾಗಿ ಹಿಡಿದಷ್ಟೂ ಹೆಚ್ಚಾಯಿತು. ವೇಗ ಇಳಿಸಿದ ಮೇಲೆ ತಾನಾಗಿ ನಿಂತಿತು. ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ, ಹೀಗೆ ಎಂದೂ ಆಗಿರಲಿಲ್ಲ.

ಕೆಲಸಕ್ಕೆ ಇವತ್ತೇ ಮತ್ತೆ ಹೊರಟದ್ದು. ರೇಷ್ಮೆ ಇನ್‌ಸ್ಪೆಕ್ಟರಾದವನು ಮನೆಯಲ್ಲೇ ಕೂತರೆ ಹುಳು ಸಾಕುವವರ ಗತಿಯೇನು? ಗಾಡಿಯ ಪಕ್ಕಕ್ಕೆ ಕಟ್ಟಿದ್ದ ಸೈಡ್ ಕಾರನ್ನು ನಿನ್ನೆ ಸಂಜೆ ಬಿಚ್ಚಿ ಹಿತ್ತಲಿನ ಕೊಟ್ಟಿಗೆಗೆ ತಳ್ಳಿ ಗೋಣಿತಾಟು ಮುಚ್ಚಿದೆ. ಹೆಂಡತಿ ರುದ್ರಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಚಿಕ್ಕಿಯ ವಿಷಯ ಬರೆಯಬಾರದೆಂದುಕೊಂಡೇ ಈ ಪುಸ್ತಕ ತೆರೆದೆ. ಒಂದು ಸಲ ಬರೆದು ಮುಗಿಸಿಬಿಡುತ್ತೇನೆ. ನಮ್ಮ ಒಬ್ಬಳೇ ಮಗಳು ಚಿಕ್ಕಬಸಮ್ಮ, ಎಂಟು ವರ್ಷದವಳು, ಸಂಕ್ರಾಂತಿಯ ಮಾರನೆಯ ವಾರ ವಿಷಮಶೀತ ಜ್ವರದಲ್ಲಿ ಹೋದಳು. ಆ ಸೈಡ್ ಕಾರು ಅವಳ ಜಾಗವಾಗಿತ್ತು. ಇನ್ನು ಮುಂದೆ ಈ ಪುಸ್ತಕದಲ್ಲಿ ಯಂತ್ರದ ಪರೀಕ್ಷೆ ಮಾತ್ರ.

೧೩ ಫೆಬ್ರವರಿ, ಶನಿವಾರ

ರೋಗ ಹುಡುಕುವ ಕ್ರಮ ನನಗೆ ಹೊಸದಲ್ಲ. ಹುಳು ಸತ್ತರೆ ಸೊಪ್ಪು ಕಾರಣವೋ, ಮೊಟ್ಟೆ ಕಾರಣವೋ, ಮನೆಯ ಶೆಖೆ ಕಾರಣವೋ ಎಂದು ಒಂದೊಂದಾಗಿ ನೋಡಿ ತಳ್ಳಿಹಾಕುವುದೇ ನನ್ನ ಉದ್ಯೋಗ. ಇಲ್ಲಿಯೂ ಒಂದು ಸಲಕ್ಕೆ ಒಂದೇ ಬದಲಾವಣೆ.

ಟೈರುಗಳಿಗೆ ಗಾಳಿ ಹೆಚ್ಚು ತುಂಬಿಸಿ ನೋಡಿದೆ. ನಡುಕ ಇದೆ. ಕಡಿಮೆ ಮಾಡಿದೆ. ಇನ್ನೂ ಬೇಗ ಬಂತು. ಚಕ್ರದ ನಟ್ಟುಗಳೆಲ್ಲ ಬಿಗಿ. ಹಿಂದಿನ ಪೆಟ್ಟಿಗೆಯ ಭಾರ ಕಾರಣವಿರಬಹುದೆಂದು ಅದನ್ನು ಇಳಿಸಿ ಸೇತುವೆಯವರೆಗೆ ಎರಡು ಸಲ ಹೋಗಿಬಂದೆ. ಸ್ವಲ್ಪ ಕಡಿಮೆಯಾದಂತೆ ಕಂಡಿತು, ನಿಂತಿಲ್ಲ.

"ತಿಂಡಿ ಆರೋಯ್ತು ಕಣ್ರೀ," ಎಂದಳು ರುದ್ರಾಣಿ. ಬಂದು ತಿನ್ನುತ್ತೇನೆಂದೆ. ಬಂದಾಗ ತಟ್ಟೆ ಮುಚ್ಚಿಟ್ಟಿತ್ತು. ಅವಳೂ ತಿಂದಿರಲಿಲ್ಲವೆಂದು ಕಾಣುತ್ತದೆ.

೨೦ ಫೆಬ್ರವರಿ, ಶನಿವಾರ

ಮೈಸೂರಿಗೆ ಒಯ್ದಿದ್ದೆ. ವರ್ಕ್‌ಶಾಪಿನ ಫಿಟ್ಟರ್ ಮಹದೇವ ಹ್ಯಾಂಡಲಿನ ಬುಡದ ಬೇರಿಂಗ್ ಬಿಚ್ಚಿ ಹೊಸ ಗುಂಡು ಹಾಕಿ, ಗ್ರೀಸು ತುಂಬಿ ಕೊಟ್ಟ. ಹಳೆಯ ಗುಂಡುಗಳು ಚೆನ್ನಾಗಿಯೇ ಇದ್ದವು. ವಾಪಸು ಬರುವಾಗ ಅದೇ ನಡುಕ. ಅರ್ಧ ದಾರಿಯಿಂದ ತಿರುಗಿ ಹೋಗಿ ಹೇಳಿದೆ.

"ಸಾ, ಜೋರಾಗಿ ಓಡುಸ್ದ್ರೆ ಯಾವ್ ಗಾಡಿನಾದ್ರೂ ಆಡ್ತದೆ," ಎಂದ. "ನನಗೂ ಗೊತ್ತಾಗ್ತಿಲ್ಲ. ಮೂವತ್ತರ ಮೇಲ್ ಓಗ್‌ಬ್ಯಾಡಿ. ಅಂತಾ ಅರ್ಜೆಂಟ್ ಏನೈತೆ ನಿಮಗೆ?"

ರೋಗ ತಿಳಿಯದವರು ಹೇಳುವ ಮಾತು. ಜ್ವರ ಬಂದಾಗಲೂ ಡಾಕ್ಟರು ಹೀಗೇ, ಕಾದು ನೋಡೋಣ ಎಂದಿದ್ದರು.

೨೬ ಫೆಬ್ರವರಿ, ಶುಕ್ರವಾರ

ನರಸೀಪುರದ ಆಚೆ ಮುತ್ತಮ್ಮನ ಮನೆಗೆ ಹೋಗದೆ ವಿಧಿಯಿರಲಿಲ್ಲ. ಅವಳ ಹುಳು ಮೊದಲನೆಯ ಜ್ವರಕ್ಕೆ ಬಂದಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಕದಲದೆ ಮಲಗುವುದಕ್ಕೆ ಈ ಕಡೆ ಜ್ವರವೆಂದೇ ಹೇಳುತ್ತಾರೆ. ಈ ಮಾತನ್ನು ಸಾವಿರ ಸಲ ಆಡಿದ್ದೇನೆ. ಇವತ್ತು ನಾಲಗೆಯ ಮೇಲೆ ಬರಲಿಲ್ಲ.

ಫಟಫಟಿಯ ಸದ್ದು ಕೇಳಿ ಆಕೆ ಸೊಪ್ಪಿನ ಕೈಯಲ್ಲೇ ಓಡಿಬಂದಳು. ನನ್ನ ಪಕ್ಕದ ನೆಲ ನೋಡಿದಳು.

"ಇದೇನ್ ಬುದ್ಧೀ, ತೊಟ್ಲೆಲ್ಲಿ? ಪಾಪು ಬರ್ನಿಲ್ವಾ?"

ಈ ಸೀಮೆಯ ಜನರೆಲ್ಲ ಸೈಡ್ ಕಾರಿಗೆ ತೊಟ್ಟಿಲು ಎನ್ನುತ್ತಾರೆ.

"ಅವರಜ್ಜಿ ಊರಿಗೆ ಹೋಗಿದಾಳೆ," ಎಂದೆ. ಯಾಕೆ ಹಾಗೆಂದೆನೋ. ಬಾಯಿಗೆ ಬಂದದ್ದು ಅದು.

"ಒಳ್ಳೇದಾಯ್ತು ಬುಡಿ, ಅಜ್ಜಿ ತಾವ ನಾಕ್ ದಿನ ಇರ್ಲಿ. ಇದ್ನ ಕೊಡಿ ಅವ್ಳ್ಗೆ," ಎಂದು ಮಾಗಿದ ಹಿಪ್ಪುನೇರಳೆ ಹಣ್ಣನ್ನು ಮುತ್ತುಗದೆಲೆಯಲ್ಲಿ ಕಟ್ಟಿ ಕೊಟ್ಟಳು.

ಹಣ್ಣು ಜೇಬಿನಲ್ಲಿಟ್ಟುಕೊಂಡು ಬರುವಾಗ ನಲವತ್ತರ ಮೇಲೆ ಹೋದೆ. ಎದುರುಗಾಳಿ ಇದ್ದರೆ ನಡುಕ ಬೇಗ ಹುಟ್ಟುತ್ತದೆ. ಹಣ್ಣೆಲ್ಲ ಜಜ್ಜಿಹೋಗಿ ಅಂಗಿಗೆ ಕಲೆಯಾಯಿತು. ರುದ್ರಾಣಿ ರಕ್ತವೆಂದು ಹೆದರಿದಳು. ಅಲ್ಲವೆಂದು ತಿಳಿದ ಮೇಲೆ ಅಂಗಿ ತೆಗೆದುಕೊಂಡು ಹೋಗಿ ಬಹಳ ಹೊತ್ತು ಒಗೆದಳು. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂದು ಕೇಳಲಿಲ್ಲ.

೩ ಮಾರ್ಚ್

ಮುಂದಿನ ಫೋರ್ಕಿನ ಸ್ಪ್ರಿಂಗ್ ಬಿಗಿ ಮಾಡಿದೆ. ಉಪಯೋಗವಿಲ್ಲ.

೬ ಮಾರ್ಚ್

ಬಿದ್ದೆ. ಹೆಚ್ಚೇನಿಲ್ಲ. ಮಂಡಿ, ಮೊಣಕೈ ತರಚಿದೆ. ಚಿಕ್ಕಯ್ಯನಛತ್ರದ ಕಡೆ ಎತ್ತಿನ ಗಾಡಿ ಅಡ್ಡ ಬಂತೆಂದು ಮನೆಯಲ್ಲಿ ಹೇಳಿದೆ. ಗಾಡಿ ಯಾವುದೂ ಬಂದಿರಲಿಲ್ಲ.

೧೦ ಮಾರ್ಚ್, ಬುಧವಾರ

ಹೊಸ ಪರೀಕ್ಷೆ. ಹುಣಸೆ ಮರಗಳ ಸಾಲಿನ ನೇರ ರಸ್ತೆಯಲ್ಲಿ ವೇಗ ಹೆಚ್ಚಿಸಿ ಎರಡು ಕೈಗಳನ್ನೂ ಹ್ಯಾಂಡಲಿನಿಂದ ಬಿಟ್ಟು ನೋಡುವುದು. ನಡುಕ ಮುಂದಿನಿಂದ ಹುಟ್ಟುತ್ತದೋ ಹಿಂದಿನಿಂದಲೋ ಎಂಬುದು ಆಗ ತಿಳಿಯುತ್ತದೆ. ಇವತ್ತು ಮೂರು ನಾಲ್ಕು ಸಲ ಮಾಡಿದೆ. ಮುಂದಿನಿಂದಲೇ ಹುಟ್ಟುತ್ತದೆ, ಆಮೇಲೆ ಇಡೀ ಗಾಡಿಗೆ ಹಬ್ಬುತ್ತದೆ.

ಇನ್ನೊಂದು ವಿಷಯ ಗುರುತು ಹಾಕಿಕೊಳ್ಳಬೇಕು. ಹಾಗೆ ಕೈ ಬಿಟ್ಟಾಗ, ಗಾಡಿ ಒದ್ದಾಡಲು ಶುರುವಾದಾಗ, ಒಂದು ಗಳಿಗೆ ಏನೂ ನೆನಪಿರುವುದಿಲ್ಲ. ಯಾವುದೂ. ಆ ಗಳಿಗೆ ಇನ್ನೂ ಸ್ವಲ್ಪ ಉದ್ದವಾದರೆ ಪರೀಕ್ಷೆ ಸರಿಯಾಗಿ ಆದೀತು. ನಾಳೆ ಐವತ್ತಕ್ಕೆ ಪ್ರಯತ್ನಿಸಬೇಕು.

೧೪ ಮಾರ್ಚ್, ಭಾನುವಾರ

ಬೆಳಿಗ್ಗೆ ಹೊರಡಲೆಂದು ಹಿತ್ತಲಿಗೆ ಹೋದರೆ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ರುದ್ರಾಣಿ ಡಬ್ಬಿಯನ್ನು ತಿಪ್ಪೆಯ ಮೇಲೆ ಬಗ್ಗಿಸಿ ಖಾಲಿ ಮಾಡುತ್ತಿದ್ದಳು. ಇನ್ನೂ ಮಡಿ ಸೀರೆಯಲ್ಲೇ ಇದ್ದಳು, ಹಣೆಯ ವಿಭೂತಿ ಒಣಗಿರಲಿಲ್ಲ. ಪೂಜೆಗೆ ಕೂತವಳು ಅರ್ಧಕ್ಕೇ ಎದ್ದುಬಂದಿದ್ದಳು.

"ಏನು ಮಾಡ್ತಿದ್ದೀಯಾ?" ಎಂದು ಕೂಗಿದೆ.

"ನಿನ್ನೆ ದೇವನೂರಿಂದ ನಮ್ಮ ಶಿವಣ್ಣ ಬಂದಿದ್ದ," ಎಂದಳು. ಶಿವಣ್ಣ ಅವಳ ತಮ್ಮ. "ನಿಮ್ಮನ್ನ ದಾರೀಲಿ ನೋಡಿದ್ನಂತೆ. ಎರಡು ಕೈನೂ ಬಿಟ್ಟು ಕೂತಿದ್ರಂತೆ. ಗಾಡಿ ಹಾವಿನ ಥರ ಆಡ್ತಿತ್ತಂತೆ. ಭಾವ ಏನಾದ್ರೂ ಕುಡಿಯೋಕೆ ಶುರು ಮಾಡಿದ್ರಾ ಅಕ್ಕ, ಅಂತ ಕೇಳ್ದ ಕಣ್ರೀ."

"ಅದು ಪರೀಕ್ಷೆ. ರೋಗ ಎಲ್ಲಿದೆ ಅಂತ ಹುಡುಕ್ತಿದ್ದೀನಿ."

"ಸಿಕ್ತಾ?"

"ಇನ್ನೂ ಇಲ್ಲ."

"ಸಿಗೋದು ನಿಮಗೆ ಬೇಕಾ?"

ನನಗೆ ಸಿಟ್ಟು ಬಂತು. ಇದರಲ್ಲಿ ಬೇಕು ಬೇಡದ ಪ್ರಶ್ನೆ ಏನಿದೆ? ಹಾಗೆಂದೆ ಕೂಡ. ಅವಳು ಡಬ್ಬಿ ಕೆಳಗಿಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

"ನೀವಿಬ್ರೂ ಊರೂರು ಸುತ್ತಿ ಬರ್ತಿದ್ರಿ. ಕತ್ತಲಾಗೋ ಹೊತ್ತಿಗೆ ಬರೋಳು, ಉಣ್ಣೋಳು, ನನ್ನ ಮಗ್ಗುಲಲ್ಲಿ ಬಿದ್ಕೊಳ್ಳೋಳು. ನನಗೆ ಸಿಕ್ಕಿದ್ದು ಅಷ್ಟೇ. ಹಗಲೆಲ್ಲಾ ಏನ್ ಮಾತಾಡ್ತಿದ್ಲು, ಯಾರ ಮನೇಲಿ ಏನ್ ತಿಂದ್ಲು, ಯಾತಕ್ಕೆ ನಕ್ಲು, ನನಗೇನ್ ಗೊತ್ತು? ಎಲ್ಲಾ ನಿಮ್ಮ ಹತ್ರ ಇದೆ. ಅವಳು ಹೋದ ಮೇಲೆ ಅದರಲ್ಲಿ ಒಂದು ಮಾತನ್ನಾದ್ರೂ ನನಗೆ ಹೇಳಿದ್ರಾ? ಎಲ್ಲಾನೂ ಕಟ್ಕೊಂಡು ಹೋಗಿ ಯಾವುದಾದ್ರೂ ಮರಕ್ಕೆ ಗುದ್ದಿಬಿಡ್ತೀರಿ. ಆಮೇಲೆ ನನ್ನ ಮಗಳ ಅರ್ಧಾನ ನಾನು ಯಾರನ್ನ ಕೇಳ್ಲಿ?"

ರುದ್ರಾಣಿಗೆ ಯಂತ್ರದ ವಿಷಯ ತಿಳಿಯದು. ಕೈ ಬಿಟ್ಟು ನೋಡದೆ ನಡುಕ ಎಲ್ಲಿ ಹುಟ್ಟುತ್ತದೆಂದು ಗೊತ್ತಾಗುವುದಿಲ್ಲ. ಇದನ್ನೇ ಅವಳಿಗೆ ವಿವರಿಸಬೇಕೆಂದು ಬಾಯಿ ತೆರೆದೆ. ಹೇಳಿದ್ದು ಬೇರೆ.

ಹೋದ ವರ್ಷ ಬನ್ನೂರಿನಲ್ಲಿ ನಾನು ಒಂದು ಮನೆಯಲ್ಲಿ ಹುಳು ನೋಡುತ್ತಿದ್ದಾಗ ಚಿಕ್ಕಿ ಒಂದು ಕುರಿಮರಿಯನ್ನು ಎತ್ತಿ ಸೈಡ್ ಕಾರಿನಲ್ಲಿ ಕೂರಿಸಿಕೊಂಡು, ಕಾಲ ಮೇಲೆ ಹೊದಿಕೆ ಹೊದ್ದು ಸುಮ್ಮನೆ ಕೂತಿದ್ದಳು. ಊರು ದಾಟಿ ಎಷ್ಟೋ ದೂರ ಬಂದ ಮೇಲೆ ಹೊದಿಕೆಯೊಳಗಿಂದ 'ಮ್ಯಾ' ಎಂದಿತು. ನಾನು ಗಾಡಿ ನಿಲ್ಲಿಸಿ ಇಳಿದೆ. "ನಾನೇ ಕೂಗಿದ್ದು ಅಪ್ಪಾಜಿ," ಎಂದಳು. ಮರಿ ಮತ್ತೆ ಕೂಗಿತು. "ಇದೂ ನಾನೇ," ಎಂದಳು.

ರುದ್ರಾಣಿಯ ಮುಖದಲ್ಲಿ ನಗು ಬಂದು ಅರ್ಧಕ್ಕೆ ಹಾಗೇ ನಿಂತಿತು. "ಆಮೇಲೆ?" ಎಂದಳು.

ವಾಪಸು ಕೊಟ್ಟುಬಂದೆವು ಎಂದೆ. ಬರುವಾಗ ದಾರಿಯುದ್ದಕ್ಕೂ ನನ್ನ ಜೊತೆ ಮಾತು ಬಿಟ್ಟಿದ್ದಳು ಎಂದೆ.

"ಆಮೇಲೆ?"

ಹೇಳುತ್ತಾ ಹೋದೆ. ಮೈಲಿಗಲ್ಲುಗಳ ಮೇಲೆಯೇ ಅವಳು ಅಂಕಿ ಕಲಿತದ್ದು. ಒಂಬತ್ತನ್ನು ತಿರುಗಿಸಿ ಬರೆದ ಕಲ್ಲು ಕುಟಿಗನನ್ನು ಹುಡುಕಿ ಬಯ್ಯಬೇಕೆಂದು ಹಟ ಮಾಡಿದ್ದು. ರೇಷ್ಮೆ ಹುಳುವಿನ ಮೊಟ್ಟೆ ಹಾಳೆಗಳ ಪೆಟ್ಟಿಗೆಯನ್ನು ಕುಲುಕಾಡದಂತೆ ಮಡಿಲಲ್ಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಪೆಟ್ಟಿಗೆಗೆ "ಹೆದರ್ಕೋಬೇಡಿ" ಎನ್ನುತ್ತಿದ್ದದ್ದು. ಬಿಸಿಲು ನೆತ್ತಿಗೆ ಬರುವವರೆಗೂ ಅಲ್ಲೇ ಕೂತಿದ್ದೆವು. ಇಬ್ಬರಿಗೂ ಊಟದ ನೆನಪಾಗಲಿಲ್ಲ.

ಗಾಡಿಯ ಪರೀಕ್ಷೆ ಇವತ್ತು ಆಗಲಿಲ್ಲ. ಒಂದು ದಿನ ವ್ಯರ್ಥವಾಯಿತು.

೧೫ ಮಾರ್ಚ್, ಸೋಮವಾರ

ಪೆಟ್ರೋಲಿಲ್ಲದ ಕಾರಣ ಗಾಡಿಯನ್ನು ನಿಲ್ಲಿಸಿಕೊಂಡೇ ನೋಡಬೇಕಾಯಿತು. ಇಷ್ಟು ದಿನ ಓಡುವಾಗ ನೋಡಿದ್ದೇ ಹೊರತು ನಿಂತಾಗ ನೋಡಿರಲಿಲ್ಲ.

ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ನೂಲು ಎಳೆದು ಹಿಡಿದೆ. ಎರಡೂ ಒಂದು ಗೆರೆಯಲ್ಲಿಲ್ಲ. ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದರೆ ಫ್ರೇಮು ಎಡಕ್ಕೆ ಒಂದಿಷ್ಟು ವಾಲಿದೆ. ಟೈರಿನ ಮೈ ದುಂಡಗಿರಬೇಕಾದದ್ದು ಚಪ್ಪಟೆಯಾಗಿ ಒಂದಂಚು ಹೆಚ್ಚು ಸವೆದಿದೆ. ಕೊನೆಗೆ ಫೋರ್ಕಿನ ಕೆಳಗೆ ಕೈ ಹಾಕಿ ಮಣ್ಣು ಕೆರೆದಾಗ ಫೋರ್ಕನ್ನು ಹಿಂದೆ ಮುಂದೆ ಹೊಂದಿಸುವ ಎರಡು ತೂತು ಸಿಕ್ಕವು. ಮೊಳೆ ಕೂತಿರುವುದು ಮುಂದಿನದರಲ್ಲಿ. ಸೈಡ್ ಕಾರು ಕಟ್ಟಿದ ದಿನ ಏಜೆಂಟರ ಕಡೆಯವನು, ಇದರಿಂದ ಹ್ಯಾಂಡಲು ಹಗುರವಾಗಿ ತಿರುಗುತ್ತದೆ ಎಂದು ಮೊಳೆಯನ್ನು ಮುಂದಿನ ತೂತಿಗೆ ಬದಲಾಯಿಸಿದ್ದ. ಈಗ ನೆನಪಾಯಿತು.

ಕಾರಣ ಇಷ್ಟೇ. ನಾಲ್ಕು ವರ್ಷ ಪಕ್ಕದಲ್ಲಿ ಭಾರ ಎಳೆದು ಎಳೆದು ಫ್ರೇಮು ಆ ಕಡೆಗೆ ಬಗ್ಗಿದೆ. ಟೈರು ಅದಕ್ಕೆ ತಕ್ಕಂತೆ ಸವೆದಿದೆ. ಫೋರ್ಕು ಸೈಡ್ ಕಾರಿಗೆಂದು ಹೊಂದಿಸಿದ್ದು, ಒಂಟಿಯಾಗಿ ಜೋರಾಗಿ ಓಡಿಸಿದರೆ ನಿಲ್ಲುವುದಿಲ್ಲ. ಮುರಿದದ್ದು, ಸಡಿಲವಾದದ್ದು ಏನೂ ಇಲ್ಲ.

ಕಾರಣ ಸಿಕ್ಕರೆ ಸಮಾಧಾನವಾಗುತ್ತದೆಂದುಕೊಂಡಿದ್ದೆ. ಕೈಯಲ್ಲಿ ಸ್ಪ್ಯಾನರ್ ಇತ್ತು, ಮೊಳೆಯನ್ನು ಹಿಂದಿನ ತೂತಿಗೆ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಮಾಡಲಿಲ್ಲ. ಮಣ್ಣಿನ ಮೇಲೆ ಸುಮ್ಮನೆ ಕೂತಿದ್ದೆ.

೧೭ ಮಾರ್ಚ್, ಬುಧವಾರ

ರುದ್ರಾಣಿಗೆ ಹೇಳಿದೆ. ನೂಲು ಹಿಡಿದು ತೋರಿಸಿದೆ. ಟೈರಿನ ಸವೆತದ ಮೇಲೆ ಬೆರಳಾಡಿಸಿ ನೋಡಿದಳು.

"ಇದಕ್ಕೆ ಔಷಧ?"

"ಮೈಸೂರಿಗೆ ಒಯ್ದು ಫ್ರೇಮ್ ನೆಟ್ಟಗೆ ಮಾಡಿಸ್ಬೇಕು, ಟೈರ್ ಬದಲಾಯಿಸ್ಬೇಕು, ಈ ಮೊಳೆ ಹಿಂದಕ್ಕೆ ಹಾಕ್ಬೇಕು. ಇಲ್ಲಾ ಅಂದ್ರೆ ಸೈಡ್ ಕಾರ್ ಮತ್ತೆ ಕಟ್ಬೇಕು."

ಅವಳು ಕೊಟ್ಟಿಗೆಯ ಕಡೆ ನೋಡಿದಳು.

"ನನ್ನ ಕೈಲಾಗಲ್ಲ ರುದ್ರಾಣಿ," ಎಂದೆ. "ಖಾಲಿ ಜಾಗ ಪಕ್ಕದಲ್ಲಿಟ್ಕೊಂಡು ನನ್ನ ಕೈಲಿ ಓಡ್ಸೋಕಾಗಲ್ಲ." ಆಮೇಲೆ, ಖಾಲಿ ಸೈಡ್ ಕಾರು ಎಡ ತಿರುವಿನಲ್ಲಿ ನೆಲ ಬಿಟ್ಟು ಏಳುತ್ತದೆ, ಕಟ್ಟಿದರೂ ಮರಳಿನ ಚೀಲ ಇಡಬೇಕಾಗುತ್ತದೆ ಎಂದು ಅದರ ಲೆಕ್ಕಾಚಾರ ಹೇಳಿದೆ.

"ಮರಳಿನ ಚೀಲಾನ ಅವಳ ಜಾಗದಲ್ಲಿ ಕೂರಿಸ್ತೀರಾ?"

ನಾನು ನೂಲು ಸುತ್ತತೊಡಗಿದೆ.

"ನಾನು ಬರ್ತೀನಿ," ಎಂದಳು.

ಅವಳು ಒಂದು ಸಲವೂ ಅದರಲ್ಲಿ ಕೂತವಳಲ್ಲ. ನಮ್ಮ ಬೀದಿಯ ಹೆಂಗಸರು ಮುಚ್ಚಿದ ಜಟಕಾದಲ್ಲಿ ಹೋಗುವುದೇ ಅಪರೂಪ. ಬೀದಿಯವರು ಏನೆನ್ನುತ್ತಾರೆ ಎಂದೆ.

"ಅವಳು ಹೋದ ದಿನ ನೋಡೋಕೆ ಬಂದಿದ್ರಲ್ಲ ಎಲ್ಲಾರೂ. ಇದನ್ನೂ ನೋಡ್ಲಿ."

ಸಂಜೆ ಇಬ್ಬರೂ ಸೇರಿ ಗೋಣಿತಾಟು ತೆಗೆದೆವು. ನಾನು ನಟ್ಟು ಬಿಗಿಯುವಾಗ ಅವಳು ಗಾಡಿಗೆ ಜೋಡಿಸುವ ಕಬ್ಬಿಣದ ತೋಳನ್ನು ಎತ್ತಿ ಹಿಡಿದಿದ್ದಳು. ಕೊನೆಯ ನಟ್ಟು ಕೂರುವವರೆಗೂ ಬಿಡಲಿಲ್ಲ.

೨೧ ಮಾರ್ಚ್, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ನಿನ್ನೆ ಪೆಟ್ರೋಲು ತರಿಸಿದ್ದೆ, ಬೆಳಿಗ್ಗೆಯೇ ಹೊರಟೆವು. ರುದ್ರಾಣಿ ಸೆರಗು ಬಿಗಿದು ತಲೆಗೆ ಸುತ್ತಿಕೊಂಡು, ಮೊಟ್ಟೆ ಹಾಳೆಗಳ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. ಚಿಕ್ಕಿಗೆ ಅಳತೆಯಾಗಿದ್ದ ಜಾಗ, ಇವಳು ಮಂಡಿ ಮಡಿಸಿ ಓರೆಯಾಗಿ ಕೂರಬೇಕಾಯಿತು. ಬೀದಿಯ ಜಗಲಿಗಳ ಮೇಲೆ ಮಾತು ನಿಂತುಹೋಯಿತು. ಇವಳು ಯಾರ ಕಡೆಯೂ ನೋಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

ಮುತ್ತಮ್ಮನ ಮನೆಯ ಮುಂದೆ ನಿಲ್ಲಿಸುವ ಮೊದಲೇ ಆಕೆ "ತೊಟ್ಲು ಬಂತು, ತೊಟ್ಲು ಬಂತು" ಎನ್ನುತ್ತಾ ಹೊರಗೆ ಬಂದಳು. ಒಳಗೆ ಬೇರೆ ಯಾರೋ ಕೂತಿರುವುದನ್ನು ಕಂಡು ನಿಂತಳು.

"ನಾನು ಅವಳ ತಾಯಿ," ಎಂದು ರುದ್ರಾಣಿ ತಾನೇ ಹೇಳಿದಳು. "ಚಿಕ್ಕಿ ಇಲ್ಲ ಕಣಮ್ಮ. ಸಂಕ್ರಾಂತಿ ಆದ ಮೇಲೆ ಹೋಗ್ಬಿಟ್ಲು. ಇವರ ಕೈಲಿ ಹೇಳೋಕಾಗ್ಲಿಲ್ಲ."

ಮುತ್ತಮ್ಮ ಅಂಗಳದಲ್ಲೇ ಕುಸಿದು ಕೂತಳು. "ಅಯ್ಯೋ ನನ್ನವ್ವಾ, ಅಣ್ಣು ಕಟ್ಕೊಟ್ನಲ್ಲಾ! ಇಲ್ದೋಳ್ಗೆ ಅಣ್ಣು ಕಟ್ಕೊಟ್ನಲ್ಲಾ!" ಎಂದು ಹಣೆ ಬಡಿದುಕೊಂಡಳು. ರುದ್ರಾಣಿ ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು. ಮಗಳನ್ನು ಕಳೆದುಕೊಂಡವಳು ಇವಳು, ಸಮಾಧಾನ ಮಾಡುವವಳೂ ಇವಳೇ.

ಆಮೇಲೆ ಅವರಿಬ್ಬರೂ ಹುಳುವಿನ ಮನೆಯೊಳಗೆ ಹೋದರು. ಕೊನೆಯ ಹಂತದ ಹುಳುಗಳು ಸೊಪ್ಪು ತಿನ್ನುವ ಸದ್ದು ಹೊರಗಿನವರೆಗೂ ಬರುತ್ತಿತ್ತು. ನಾನು ಕಂಬಕ್ಕೊರಗಿ ಕೂತು ಕೇಳಿಸಿಕೊಂಡೆ.

"ಇಲ್ಲೇ ಕುಂತ್ಕಳೋಳು ಕಣ್ರವ್ವ, ಈ ಮೊರದ್ ಪಕ್ಕ. 'ಮನೇಲಿ ನಮ್ಮವ್ವ ಒಬ್ಳೇ ಅವ್ಳೆ, ಬೇಜಾರಾಯ್ತದೆ ಅವ್ಳ್ಗೆ, ನಾ ದೊಡ್ಡೋಳಾದ್ಮೇಲೆ ನಾನೇ ಗಾಡಿ ಓಡುಸ್ತೀನಿ, ನಮ್ಮವ್ವನ್ನ ತೊಟ್ಲಲ್ಲಿ ಕೂರುಸ್ಕೊಂಡ್ ಬತ್ತೀನಿ' ಅನ್ನೋಳು."

ಈ ಮಾತು ನನಗೆ ಗೊತ್ತಿರಲಿಲ್ಲ. ಅವಳ ಹಗಲೆಲ್ಲ ನನ್ನ ಹತ್ತಿರವೇ ಇದೆಯೆಂದುಕೊಂಡಿದ್ದೆ.

ಒಳಗಿನಿಂದ ರುದ್ರಾಣಿಯ ದನಿ ಬರಲಿಲ್ಲ. ಹುಳುಗಳ ಸದ್ದು ಮಾತ್ರ. ಹೊರಗೆ ಬಂದಾಗ ಕಣ್ಣು ಒಣಗಿತ್ತು. ಮಗುವನ್ನು ಮಣ್ಣು ಮಾಡಿದ ದಿನವೂ ಹೀಗೇ ಇದ್ದಳು. ಶಿವನ ಪಾದ ಸೇರಿದವರಿಗೆ ಅಳಬಾರದೆಂದು ಹಿರಿಯರು ಹೇಳಿದ್ದರು. ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಕ್ಕಪಕ್ಕದವರ ಗೋಡೆ ನಮ್ಮ ಗೋಡೆ ಒಂದೇ ಇರುವ ಮನೆಯಲ್ಲಿ ಅಂದಿನಿಂದ ಒಂದು ಸಲವೂ ಅವಳ ಅಳುವಿನ ಸದ್ದು ನನಗೆ ಕೇಳಿಸಿಲ್ಲ.

ವಾಪಸು ಬರುವಾಗ ನರಸೀಪುರ ದಾಟಿ ನೇರ ರಸ್ತೆಗೆ ಬಂದೆವು. ಇಳಿಬಿಸಿಲು. ಎರಡು ಕಡೆಯೂ ಕಬ್ಬು. ರುದ್ರಾಣಿ ಏನೋ ಅಂದಳು. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಬಾಗಿ ಕಿವಿ ಕೊಟ್ಟೆ.

"ಜೋರಾಗಿ ಹೋಗಿ," ಎಂದಳು.

ಮೂವತ್ತಕ್ಕೆ ತಂದೆ. ಕೈಯಿಂದ ಇನ್ನೂ ಎಂಬಂತೆ ಸನ್ನೆ ಮಾಡಿದಳು. ಮೂವತ್ತೈದು. ನಲವತ್ತು. ಆಗ ಒಂದು ಸದ್ದು ಶುರುವಾಯಿತು. ಯಾವುದೋ ಬೇರಿಂಗು ಒಣಗಿ ಕಿರುಚುತ್ತಿದೆಯೆಂದುಕೊಂಡೆ. ಇಂಜಿನ್ನಿನ ಕಡೆ ತಲೆ ಬಗ್ಗಿಸಿ ಕೇಳಿದೆ, ಅಲ್ಲಿಂದಲ್ಲ. ಪಕ್ಕಕ್ಕೆ ತಿರುಗಿದೆ. ಅವಳು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಪೂರ್ತಿ ತೆರೆದು ಅಳುತ್ತಿದ್ದಳು. ಮಗಳ ಹೆಸರು ಹಿಡಿದು ಕೂಗುತ್ತಿದ್ದಳು. ಸೆರಗು ಕಳಚಿ ಹಿಂದೆ ಹಾರಾಡುತ್ತಿತ್ತು.

ನಾನು ವೇಗ ಇಳಿಸಲು ಹೋದೆ. ಅವಳು ನನ್ನ ಮಂಡಿಗೆ ಪಟ್ಟೆಂದು ಹೊಡೆದಳು. "ನಿಲ್ಲಿಸ್ಬೇಡಿ!"

ನಿಲ್ಲಿಸಲಿಲ್ಲ. ಗದ್ದೆಯಲ್ಲಿದ್ದವರು ತಲೆ ಎತ್ತುವಷ್ಟರಲ್ಲಿ ನಾವು ದಾಟಿಹೋಗಿರುತ್ತಿದ್ದೆವು. ಅವಳು ಕೂಗುತ್ತಲೇ ಇದ್ದಳು, ನಾನು ಓಡಿಸುತ್ತಲೇ ಇದ್ದೆ. ಎಷ್ಟು ದೂರ ಹಾಗೆ ಬಂದೆವೋ. ಯಾವಾಗ ಶುರುವಾಯಿತೆಂದು ಗೊತ್ತಿಲ್ಲ, ನನ್ನ ಬಾಯಿಂದಲೂ ಅದೇ ಹೆಸರು ಬರುತ್ತಿತ್ತು. ರಸ್ತೆ ಕಾಣಬೇಕಲ್ಲ ಎಂದು ಒಂದೊಂದೇ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಾ ಇಬ್ಬರನ್ನೂ ಮನೆಗೆ ತಂದೆ.